ಬಿರುಕು ಓದಿದ ಸಂಜೆ

ನನ್ನ ತಂಗಿಯ ಬಲ ಮಣಿಕಟ್ಟು ಈಗ ಅರ್ಧ ಮಾತ್ರ ತಿರುಗುತ್ತದೆ. ರವಿಕೆ ಹೊಲಿದು ಬದುಕುವವಳು ಅವಳು. ಕತ್ತರಿ ಹಿಡಿದ ಹತ್ತು ನಿಮಿಷಕ್ಕೆ ಕೈ ನಡುಗುತ್ತದೆ. ಇದು ಯಾರ ತಪ್ಪು ಎಂದು ಒಂದು ತಿಂಗಳು ನಾನು ಊರೆಲ್ಲ ಕೇಳುವಂತೆ ಬೈದಾಡಿದೆ. ಇವತ್ತು ನೆನೆದರೂ ಮೈ ಉರಿಯುತ್ತದೆ.

ಬಂಕಾಪುರದ ಹೈವೇ ಬದಿಗೆ ನನ್ನದೊಂದು ಗ್ಯಾರೇಜಿದೆ. ಹಾನಗಲ್ಲ, ಸವಣೂರು, ಹಿರೇಕೆರೂರಿನ ಮೂವರು ಮೆಕ್ಯಾನಿಕರ ಜೊತೆ ಸೇರಿ ಒಂದು ಹುಚ್ಚಿಗೆ ಬಿದ್ದಿದ್ದೆ: ರೇಸ್ ಕಾರು. ಒಬ್ಬರೇ ಕೂರುವಂಥದ್ದು, ಮೇಲೆ ತಗಡಿಲ್ಲ, ನಾಲ್ಕೂ ಚಕ್ರ ಬಯಲಿಗೆ. ಟಿವಿಯಲ್ಲಿ ಬರುವ ದುಬಾರಿ ಕಾರುಗಳ ಬಡ ತಮ್ಮಂದಿರು. ಗುಜರಿಗೆ ಹೋದ ಸಣ್ಣ ಕಾರಿನ ಇಂಜಿನ್, ಒಂದೇ ನಕ್ಷೆಯ ಚೌಕಟ್ಟು, ಒಂದೇ ಬಗೆಯ ಟೈರು. ನಾಲ್ಕು ತಾಲೂಕಿಗೆ ನಾಲ್ಕು ಗಾಡಿ. ಶಿಗ್ಗಾಂವಿಯ ಗಾಡಿ ನನ್ನದು, ಓಡಿಸುವವಳು ತಂಗಿ. ರಾಶಿ ಮುಗಿದ ಮೇಲೆ ಹಿರೇಬೆಂಡಿಗೇರಿ ಹತ್ತಿರ ಒಂದು ಗೋವಿನಜೋಳದ ಹೊಲ ಹಿಡಿದು, ರೋಲರ್ ಹೊಡೆಸಿ, ತಿಂಗಳಿಗೊಂದು ಓಟ ಇಡುತ್ತಿದ್ದೆವು.

ದುಡ್ಡಿದ್ದವನೇ ಗೆಲ್ಲಬಾರದು ಎಂಬುದು ನನ್ನ ಹಟ. ಅದಕ್ಕೇ ಎರಡು ಕಾನೂನು ಮಾಡಿಸಿದೆ. ವರ್ಷಕ್ಕೆ ಇಷ್ಟೇ ಖರ್ಚು; ಹೊಸ ನಟ್ಟು ಹಾಕಿದರೂ ಅದರೊಳಗೇ ಬರಬೇಕು, ದಾಟಿದವರ ಅಂಕ ಕಟ್. ಇನ್ನೊಂದು, ಓಟ ಮುಗಿದ ಸಂಜೆ ಎಲ್ಲರೂ ಜಮಖಾನೆ ಹಾಸಿ ಕುಳಿತು, ಗಿರಮಿಟ್ಟು ತಿನ್ನುತ್ತ, ತಮ್ಮ ತಮ್ಮ ನೋಟ್‌ಬುಕ್ ಗಟ್ಟಿಯಾಗಿ ಓದಬೇಕು. ಟೈರಿಗೆ ಎಷ್ಟು ಗಾಳಿ, ಕಾರ್ಬುರೇಟರ್ ಹೇಗೆ ಕೂಡಿಸಿದ್ದು, ಏನು ಮುರಿಯಿತು, ಏನು ಬದಲಿಸಿದ್ದು, ಎಲ್ಲ. ಗೆದ್ದವನ ಗುಟ್ಟು ಅಂದೇ ಸೋತವನ ಕಿವಿಗೆ ಬೀಳಬೇಕು. ಅಗ್ಗ ಬೀಳಲೆಂದು ಮುಂದಿನ ಚಕ್ರ ಹಿಡಿಯುವ ಕಬ್ಬಿಣದ ಆರ್ಮುಗಳನ್ನೂ ನಾಲ್ಕೂ ಗಾಡಿಗೆ ಒಂದೇ ಸಲ, ಒಂದೇ ಕಡೆ ಬೆಸುಗೆ ಹಾಕಿಸಿದ್ದೆವು. ಅದೂ ನನ್ನದೇ ಬುದ್ಧಿ.

ಎರಡನೇ ಓಟದ ಸಂಜೆ ಹಿರೇಕೆರೂರಿನ ಮಿಸ್ತ್ರಿ ಓದಿದರು. ಅರವತ್ತು ದಾಟಿದ ಮನುಷ್ಯ, ದನಿ ಮೆಲ್ಲಗೆ. ಎಡಗಡೆಯ ಆರ್ಮ್ ಬದಲಿಸಿದ್ದೇವೆ ಎಂದರು. ಅಷ್ಟು ಸಾಕಾಯಿತು ನನಗೆ. ಹೊಸ ಸಾಮಾನಾ? ಹಾಗಾದರೆ ಖರ್ಚಿನ ಮಿತಿ ದಾಟಿತು ಎಂದು ಎದ್ದು ನಿಂತು ಜಗಳ ತೆಗೆದೆ. ಹೊಸ ಆರ್ಮ್ ಹಾಕಿಕೊಳ್ಳಲು ಇದೊಂದು ನೆಪ ಎಂದೆ. ಅವರ ಅಂಕ ಕಟ್ಟಾಗುವವರೆಗೆ ಕೂರಲಿಲ್ಲ.

ಮೂರನೇ ಓಟದಲ್ಲಿ ತಂಗಿ ಎಲ್ಲರಿಗಿಂತ ಮುಂದಿದ್ದಳು. ಕೊನೆಯ ತಿರುವಿನಲ್ಲಿ ನಮ್ಮ ಗಾಡಿಯ ಎಡಗಡೆಯ ಆರ್ಮ್ ಬೆಸುಗೆಯ ಹತ್ತಿರ ಮುರಿದು ಚಕ್ರ ಕಿತ್ತುಹೋಯಿತು. ಗಾಡಿ ಬದುವಿಗೆ ಗುದ್ದಿತು. ಸ್ಟೇರಿಂಗ್ ಗರ್ರನೆ ತಿರುಗಿ ಅವಳ ಮಣಿಕಟ್ಟನ್ನು ಹಿಂಡಿಬಿಟ್ಟಿತು. ಹುಬ್ಬಳ್ಳಿಗೆ ಒಯ್ದೆವು, ಪ್ಲೇಟ್ ಹಾಕಿದರು.

ಆಸ್ಪತ್ರೆಯ ಹಾಸಿಗೆಯ ಪಕ್ಕದಲ್ಲೇ ಶುರು ಮಾಡಿದೆ. ಹಿರೇಕೆರೂರಿನವರು ಬದಲಿಸಿದ್ದನ್ನು ಹೇಳಿದರು, ಯಾಕೆ ಬದಲಿಸಿದರೆಂದು ಹೇಳಲಿಲ್ಲ. ಬಿರುಕು ಕಂಡಿದ್ದರೂ ನುಂಗಿಕೊಂಡರು, ಕಳ್ಳರು. ನೋಡಲು ಬಂದವರಿಗೆಲ್ಲ ಇದನ್ನೇ ಹೇಳಿದೆ, ಸವಣೂರು ಹಾನಗಲ್ಲಿಗೂ ಫೋನ್ ಮಾಡಿ ಹೇಳಿದೆ. ತಂಗಿ ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಿದ್ದಳು. ನೋವಿಗೆ ಎಂದುಕೊಂಡೆ.

ಅವಳು ಮನೆಗೆ ಬಂದ ಮೇಲೆ ಒಂದು ದಿನ ಹಿರೇಕೆರೂರಿಗೆ ಹೊರಟೆ. ಈ ಸಿಟ್ಟಿನಲ್ಲಿ ಬೈಕ್ ಹೊಡೆದರೆ ಎಲ್ಲಾದರೂ ಬೀಳುತ್ತೇನೆಂದು ಅವ್ವ ಕೀಲಿ ಬಚ್ಚಿಟ್ಟಿದ್ದಳು. ಹಾವೇರಿಯಲ್ಲಿ ಬಸ್ ಬದಲಿಸಿದರೂ ಸಿಟ್ಟು ಬದಲಾಗಲಿಲ್ಲ. ಸಂತೆಯ ದಿನ, ಮಿಸ್ತ್ರಿಯ ಗ್ಯಾರೇಜಿನ ಮುಂದೆ ಜನವೋ ಜನ. ಎಲ್ಲರೂ ಕೇಳಲೆಂದೇ ಜೋರಾಗಿ ಬೈದೆ.

ಮಿಸ್ತ್ರಿ ಒಂದು ಸ್ಟೂಲು ಎಳೆದು ಹಾಕಿದರು. "ಕುಂದರ್ರಿ. ಚಾ ಕುಡೀರಿ, ಆಮ್ಯಾಲೆ ಬೈಯೀರಂತ" ಎಂದು ಒಳಗಿನಿಂದ ನೋಟ್‌ಬುಕ್ ತಂದು ಮುಂದಿಟ್ಟರು. ಎಣ್ಣೆ ಕೈಯ ಗುರುತುಗಳ ನಡುವೆ ಬರೆದಿತ್ತು: ಎಡಗಡೆ ಆರ್ಮ್ ಬದಲು. ಬೆಸುಗೆ ಹತ್ತಿರ ಕೂದಲೆಳೆಯಷ್ಟು ಬಿರುಕು. ಎಲ್ಲರೂ ನೋಡಿಕೊಳ್ಳಬೇಕು.

"ಇದನ್ನ ಓದಿದ್ನಿರಿ ನಾ. ಬಿರುಕು ಅನ್ನೂದ್ರಾಗ ನೀವು ಎದ್ದು ಖರ್ಚಿನ ಮಾತು ತಗದ್ರಿ."

ಚಹಾ ಕುಡಿಯದೆ ಎದ್ದುಬಂದೆ. ಈಗ ಹೊಸದೊಂದು ಸಿಟ್ಟು. ನಾನು ಕೂಗುತ್ತಿದ್ದರೆ ನೀನೂ ಕೂಗಬೇಕಿತ್ತಲ್ಲ ಮುದುಕಾ, ಬಿರುಕನ್ನೂ ಟೈರಿನ ಗಾಳಿಯನ್ನೂ ಒಂದೇ ದನಿಯಲ್ಲಿ ಓದುತ್ತಾರೆಯೇ ಎಂದು ದಾರಿಯುದ್ದಕ್ಕೂ ಬೈದುಕೊಂಡೆ. ಮನೆಗೆ ಬಂದು ತಂಗಿಯ ಮುಂದೆಯೂ ಅದನ್ನೇ ಹೇಳಿದೆ. ಅವಳು ಎಡಗೈಯಲ್ಲಿ ದಾರ ಪೋಣಿಸುವುದನ್ನು ಕಲಿಯುತ್ತಿದ್ದಳು. ಸೂಜಿ ಕೆಳಗಿಟ್ಟಳು.

"ನನಗ ಕೇಳಿತ್ತಣ್ಣ. ಮರುದಿನ ನಮ್ಮದೂ ಬಿಚ್ಚಿ ನೋಡೂಣು ಅಂದ್ನಿ. ಬಿಚ್ಚಿದ್ರ ಹೊಸಾದು ಹಾಕಬೇಕಾಕ್ಕತಿ, ಖರ್ಚು ದಾಟತೈತಿ, ಸುಮ್ಮನಿರು ಅಂದಿ ನೀ."

ಅಂದಿದ್ದೆ. ಇಷ್ಟು ದಿನ ಅಷ್ಟು ಜೋರಾಗಿ ಬೈದದ್ದು ಈ ಒಂದು ಮಾತು ನನಗೇ ಕೇಳಿಸಬಾರದೆಂದು. ನೀನಾದರೂ ಮೊದಲೇ ಯಾಕೆ ಹೇಳಲಿಲ್ಲ ಎಂದು ಅವಳ ಮೇಲೂ ರೇಗಿದೆ. ನಾಚಿಕೆಗೇಡಿ ನಾನು. ಅವಳು ಅಳಲೂ ಇಲ್ಲ, ಸಮಾಧಾನ ಹೇಳಲೂ ಇಲ್ಲ.

"ಇದನ್ನ ನೋಟ್‌ಬುಕ್ಕಿನ್ಯಾಗ ಬರಿ. ನಾ ಕೇಳಿದ್ದು, ನೀ ಬ್ಯಾಡ ಅಂದದ್ದು. ಬರದು ಎಲ್ಲಾರ ಮುಂದ ನಿಂತು ಓದು."

ಮುಂದಿನ ಓಟಕ್ಕೆ ನಮ್ಮ ಗಾಡಿ ಇರಲಿಲ್ಲ. ಸಂಜೆ ಜಮಖಾನೆಯ ಮೇಲೆ ನಾನೊಬ್ಬನೇ ಎದ್ದು ನಿಂತು ಓದಿದೆ. ತಂಗಿ ಕೇಳಿದ್ದು, ನಾನು ಬೇಡ ಎಂದದ್ದು, ಒಂದೂ ಬಿಡಲಿಲ್ಲ. ಹಿರೇಕೆರೂರಿನ ಮಿಸ್ತ್ರಿ ನೆಲ ನೋಡುತ್ತ ಕುಳಿತಿದ್ದರು. ಬೆಸುಗೆಯ ಮಾತು ಬಂದಾಗ ಹಾನಗಲ್ಲಿನ ಮೆಕ್ಯಾನಿಕ್ ಗಿರಮಿಟ್ಟಿನ ತಟ್ಟೆ ಬಿಟ್ಟು ಎದ್ದ. ಸೀದಾ ತನ್ನ ಗಾಡಿಯ ಹತ್ತಿರ ಹೋಗಿ ಎಡಗಡೆಯ ಚಕ್ರ ಬಿಚ್ಚತೊಡಗಿದ.

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ನನ್ನ ತಂಗಿಯ ಚಕ್ರ ಕಿತ್ತುಹೋದದ್ದನ್ನು ಕಣ್ಣಾರೆ ಕಂಡವನು, ಅದೇ ಬೆಸುಗೆಯ ಆರ್ಮಿನ ಮೇಲೆ ಆ ದಿನವೂ ತನ್ನ ಸ್ವಂತ ತಮ್ಮನಿಂದ ಗಾಡಿ ಓಡಿಸಿದ್ದ. ನೋಟ್‌ಬುಕ್ ಬಿಸಾಕಿ ಅವನ ಹತ್ತಿರ ಓಡಿದೆ. ಕೊರಳಪಟ್ಟಿ ಹಿಡಿದು, ಇಷ್ಟು ದಿನ ಯಾಕೆ ಬಿಚ್ಚಲಿಲ್ಲವೋ ಎಂದು ಕೂಗಿದೆ.

ಅವನು ನನ್ನ ಕೈ ಬಿಡಿಸಿಕೊಳ್ಳಲೂ ಇಲ್ಲ.

"ಖರ್ಚು ದಾಟತಿತ್ತಲ್ರಿ" ಎಂದ.