ಹಳದಿ ರೂಪಾಯಿ

ನಮ್ಮ ಮನೆಗೆ ಬರುವವರನ್ನು ನಾನು ಎರಡು ಬಗೆಯಾಗಿ ವಿಂಗಡಿಸಿದ್ದೇನೆ. ಹಳೆಯ ಬೆಳ್ಳಿ ರೂಪಾಯಿಯನ್ನು ಕೈಗೆ ಕೊಟ್ಟರೆ ಅಂಚಿನಲ್ಲಿ ಹಿಡಿಯುವವರು ಒಂದು ಬಗೆ, ರಾಜನ ಕೆನ್ನೆಯ ಮೇಲೆಯೇ ಹೆಬ್ಬೆರಳು ಒತ್ತಿ "ಭಾರಿ ವಜ್ಜಿ ಐತಲ್ರಿ!" ಎಂದು ಭಾರ ನೋಡುವವರು ಇನ್ನೊಂದು ಬಗೆ. ಎರಡನೆಯವರಿಗೆ ಒಂದು ಕೈಗೆ ಚಹಾದ ಕಪ್ಪು, ಇನ್ನೊಂದು ಕೈಗೆ ಚುರುಮುರಿಯ ತಾಟು ಕೊಟ್ಟ ಮೇಲೆಯೇ ನಾನು ನಾಣ್ಯದ ಡಬ್ಬಿ ತೆರೆಯುವುದು. ಎರಡೂ ಕೈ ತುಂಬಿದ್ದರೆ ರಾಜನ ಕೆನ್ನೆ ಸುರಕ್ಷಿತ.

ಇದು ಅತಿಯಾಯಿತು ಎಂದು ನಿಮಗೆ ಅನ್ನಿಸಿದರೆ ಅನ್ನಿಸಲಿ. ನನ್ನನ್ನು ಬೆಳೆಸಿದ್ದೇ ಗಂಟೆ. ಅಕ್ಕಲಕೋಟದ ಹುಡುಗಿಯರ ಹಾಸ್ಟೆಲಿನಲ್ಲಿ ಐದಕ್ಕೆ ಏಳುವ ಗಂಟೆ, ಐದೂಕಾಲಿಗೆ ಸ್ನಾನದ ಗಂಟೆ. ಸುತ್ತಿಟ್ಟ ಹಾಸಿಗೆಯ ಅಂಚು ನೆಲದ ಫರಸಿಯ ಗೆರೆಗೆ ಕೂಡದಿದ್ದರೆ ಅಂದು ನಾಷ್ಟಾ ಇಲ್ಲ. ಅಲ್ಲಿಂದ ಹೊರಬಿದ್ದು ಸೋಲಾಪುರದ ಅಕ್ಕಲಕೋಟ ರಸ್ತೆ ಎಂಐಡಿಸಿ ಕೈಗಾರಿಕಾ ವಸಾಹತಿನ ಒಂದು ಟವೆಲ್ ಕಾರ್ಖಾನೆ ಸೇರಿದೆ. ಮೂವತ್ತು ವರ್ಷ ನನ್ನ ಮುಂದಿನ ಮೇಜಿನ ಮೇಲೆ ಹಾದುಹೋದ ಟವೆಲ್ಲುಗಳನ್ನು ನೋಡಿ ಫಸ್ಟ್, ಸೆಕೆಂಡ್, ಚಿಂದಿ ಎಂದು ಮೂರು ಗುಡ್ಡೆ ಹಾಕಿದೆ. ನಿವೃತ್ತಿಯ ದಿನ ಶಾಲು ಹೊದಿಸಿ ನನ್ನ ಕಣ್ಣನ್ನು ಹೊಗಳಿದರು. ಆ ಶಾಲಿನ ಅಂಚಿನಲ್ಲಿ ಒಂದು ಎಳೆ ಬಿಟ್ಟುಹೋಗಿತ್ತು. ಭಾಷಣ ಮುಗಿಯುವವರೆಗೆ ತಡೆದುಕೊಂಡು ಆಮೇಲೆ ಹೇಳಿದೆ.

ಕೆಲಸ ಬಿಟ್ಟ ಮೇಲೆ ಕಣ್ಣಿಗೆ ಒಂದು ಉದ್ಯೋಗ ಬೇಕಾಗಿತ್ತು. ಅಕ್ಕಲಕೋಟದ ಪೇಟೆಯಲ್ಲಿ ಒಬ್ಬ ವಯಸ್ಸಾದ ಪತ್ತಾರರು ಕರಗಿಸಲು ಬಂದ ರೂಪಾಯಿಗಳ ರಾಶಿಯಿಂದ ಒಂದನ್ನು ಎತ್ತಿ, ಬಿಸಿಲಿಗೆ ಓರೆಯಾಗಿ ಹಿಡಿದು, "ಇದನ್ನ ಕರಗಸಾಕ ಮನಸ ಬರವಲ್ದು ನೋಡ್ರಿ" ಎಂದರು. ಅದನ್ನು ನಾನು ಕೊಂಡೆ. ನನ್ನ ಬೆಳ್ಳಿಯ ಸಂಸಾರ ಅಲ್ಲಿಂದ ಶುರುವಾಯಿತು.

ರೂಪಾಯಿಯ ದರ್ಜೆ ನೋಡುವುದು ಕಷ್ಟವಲ್ಲ. ಶಿಸ್ತು ಇದ್ದರೆ ಸಾಕು. ಎತ್ತರದ ಜಾಗ ಮೊದಲು ಸವೆಯುತ್ತದೆ. ಹಾಗಾಗಿ ರಾಜನ ಕಿರೀಟ, ಕಿವಿ, ಮೀಸೆ, ನಿಲುವಂಗಿಯ ಕುಸುರಿ, ಈ ಕ್ರಮದಲ್ಲಿ ನೋಡಬೇಕು. ಕಿವಿಯ ಮಡಿಕೆ ಎದ್ದು ಕಾಣುತ್ತಿದ್ದರೆ ಮೇಲಿನ ದರ್ಜೆ. ಕಿವಿಯೇ ಕೆನ್ನೆಯಾಗಿದ್ದರೆ ಕೆಳಗಿನದು. ನಾಣ್ಯದವರ ಲೆಕ್ಕದಲ್ಲಿ ‘ಫೈನ್’ ಎಂದರೆ ಸಾಕಷ್ಟು ಸವೆದದ್ದು ಎಂದರ್ಥ. ನನ್ನ ವಯಸ್ಸಿನವರು ಆರೋಗ್ಯ ವಿಚಾರಿಸಿದವರಿಗೆ "ಫೈನ್" ಎನ್ನುವುದು ಎಷ್ಟು ನಿಖರವಾದ ಮಾತು ಎಂದು ನನಗೆ ತಿಳಿದದ್ದು ಆಗಲೇ.

ದರ್ಜೆಯ ನಂತರ ಬರುವುದು ಚಂದ. ಸವಕಳಿ ಒಂದೇ ಇದ್ದರೂ ಎರಡು ರೂಪಾಯಿಗಳಲ್ಲಿ ಒಂದು ಕಣ್ಣನ್ನು ಕರೆಯುತ್ತದೆ, ಇನ್ನೊಂದು ಸುಮ್ಮನೆ ಕೂತಿರುತ್ತದೆ. ಬೆಳ್ಳಿ ಹಳೆಯದಾದಂತೆ ಗಾಳಿ ತಾಗಿ ಬಣ್ಣ ತಿರುಗುತ್ತದೆ. ಕೆಲವು ಕಪ್ಪಾಗುತ್ತವೆ, ಕೆಲವಕ್ಕೆ ಜೇನಿನ ಬಣ್ಣ ಬರುತ್ತದೆ. ಹುಣಸೆಹಣ್ಣು ಹಚ್ಚಿ ತಿಕ್ಕಿದರೆ ಬಣ್ಣದ ಜೊತೆಗೆ ಚಂದವೂ ಹೋಗುತ್ತದೆ. ಚಂದ ಸಣ್ಣ ವಿಷಯವಲ್ಲ. ಐದನೆಯ ಜಾರ್ಜನ ಮೊದಲ ರೂಪಾಯಿ ಬಂದಾಗ ಅವನ ನಿಲುವಂಗಿಯ ಮೇಲಿನ ಆನೆಯ ಸೊಂಡಿಲು ಚಿಕ್ಕದಾಗಿ, ಜನರಿಗೆ ಅದು ಹಂದಿಯಂತೆ ಕಂಡಿತಂತೆ. ಆನೆ ಎಂದು ಟಂಕಸಾಲೆಯವರು ಎಷ್ಟು ಹೇಳಿದರೇನು? ಕೊನೆಗೆ ಸರಕಾರವೇ ಸೋತು ಸೊಂಡಿಲನ್ನು ಉದ್ದ ಮಾಡಬೇಕಾಯಿತು. ನೋಡುವವರ ಕಣ್ಣಿನ ಮುಂದೆ ಸಾಮ್ರಾಜ್ಯವೂ ತಲೆ ಬಾಗಿಸಿದ ಕಥೆ ಇದು. ನಾನು ಇದನ್ನು ಎಲ್ಲರಿಗೂ ಹೇಳುತ್ತಿದ್ದೆ, ನಾನೇ ಕೇಳಿಸಿಕೊಂಡಿರಲಿಲ್ಲ.

ನನ್ನದೊಂದು ರಜಿಸ್ಟರು ಇದೆ. ಕ್ರಮಸಂಖ್ಯೆ, ರಾಜ, ದರ್ಜೆ, ಬಣ್ಣ, ಚಂದ ಎಂದು ಐದು ಅಂಕಣ. ಊರಿನವರು ಮನೆಯ ರೂಪಾಯಿ ತೋರಿಸಲು ಭಾನುವಾರ ಹತ್ತರಿಂದ ಹನ್ನೆರಡರವರೆಗೆ ಬರುತ್ತಾರೆ. ಅವರಿಗೊಂದು ನಿಯಮ: ನಾನು ನೋಡುತ್ತಿರುವಾಗ ನಾಣ್ಯದ ಒಡೆಯರು ಬಾಯಿ ತೆರೆಯಬಾರದು. ಒಡೆಯರ ಮಾತು ಕಿವಿಗೆ ಬಿದ್ದರೆ ಕಣ್ಣು ಕೆಡುತ್ತದೆ ಎಂಬುದು ನನ್ನ ಸಿದ್ಧಾಂತವಾಗಿತ್ತು.

ಹಿಂದಿನ ವರ್ಷ ನವರಾತ್ರಿಗೆ ಮೊದಲು ಮಹಾದೇವಿ ಬಂದಳು. ಕಾರ್ಖಾನೆಯಲ್ಲಿ ನಾನು ಫಸ್ಟ್ ಎಂದ ಟವೆಲ್ಲನ್ನು ಮಡಿಸುತ್ತಿದ್ದವಳು. ಈಗ ಮಂದ್ರೂಪದ ಆಚೆಯ ತನ್ನ ಹಳ್ಳಿಯಲ್ಲಿದ್ದಾಳೆ. ಕುರಿ ಸಾಕುವ ಮನೆತನ, ಬೀರೋಬಾ ದೇವರ ಒಕ್ಕಲು. ಸೆರಗಿನ ಗಂಟು ಬಿಚ್ಚಿ ಎರಡು ರೂಪಾಯಿ ನನ್ನ ಮುಂದಿಟ್ಟಳು. ಎರಡರಲ್ಲೂ ಅದೇ ಜಾರ್ಜ್.

"ಒಂದು ಬೀರೋಬಾಂದು, ಒಂದು ನಂದು. ಮನಿ ಸಾರಸುವಾಗ ದೇವರ ಚೀಲ ಹರದು ಎರಡೂ ಒಂದೇ ಡಬ್ಬ್ಯಾಗ ಬಿದ್ವು. ಅತ್ತಿ ನನ್ನ ಮಾತು ನಂಬವಲ್ಲಳ್ರಿ. ‘ಚಲೋದು ನೋಡಿ ನೀ ಇಟ್ಕೊಂಡಿದ್ದಿ’ ಅಂತಾಳ. ದೇವರ ರೂಪಾಯಿ ಕದ್ದ ಸೊಸಿ ಅನಿಸ್ಕೊಂಡು ಆ ಮನ್ಯಾಗ ಹೆಂಗ ಇರ್ಲಿ, ಬಾಯಾರ? ನೀವು ನೋಡಿ ಒಂದು ಚೀಟಿ ಬರದು ಕೊಡ್ರಿ."

ನಾನು ಮಸೂರ ಹಿಡಿದೆ. ಒಂದು ರೂಪಾಯಿ ಚೆನ್ನಾಗಿ ಸವೆದಿತ್ತು. ರಾಜನ ಮೀಸೆ ಅಳಿಸಿ, ಕಿವಿ ಕೆನ್ನೆಯಾಗಿತ್ತು. ಇನ್ನೊಂದರ ಮೀಸೆಯ ಕೂದಲನ್ನು ಎಣಿಸಬಹುದಾಗಿತ್ತು.

"ಬಾಯಾರ, ಇದು ನೋಡ್ರಿ, ಹಳದಿ ಐತಿ, ಇದು..."

"ಮಹಾದೇವಿ, ಬಾಯಿ ಮುಚ್ಚು. ಹಳೇ ಬೆಳ್ಳಿ ಎಲ್ಲಾ ಹಳದೀನೇ ಇರ್ತೈತಿ. ಎರಡೂ ಹಳದಿ ಅದಾವ."

"ಎರಡೂ ಅಲ್ರಿ..."

"ತಡಿ ಅಂದ್ನೆಲ್ಲ?"

ತರ್ಕ ನನಗೆ ಟವೆಲ್ಲಿನಷ್ಟೇ ಸ್ಪಷ್ಟವಾಗಿತ್ತು. ದೇವರ ರೂಪಾಯಿ ಎಂದರೆ ದಿನವೂ ತೊಳೆಯುತ್ತಾರೆ, ಒರೆಸುತ್ತಾರೆ. ತಲೆಮಾರುಗಳ ಪೂಜೆಗೆ ಸವೆದಿರುತ್ತದೆ. ಆದ್ದರಿಂದ ಸವೆದದ್ದೇ ದೇವರದು. ನಾಲ್ಕು ಸಾಲಿನ ಚೀಟಿ ಬರೆದು, ಓದಿ ಹೇಳಿ, ಸಹಿ ಹಾಕಿ, ಕೆಳಗೆ ತಾರೀಖು ಹಾಕಿದೆ. ಮಹಾದೇವಿ "ಹೂಂನ್ರಿ" ಎಂದು ಎರಡು ರೂಪಾಯಿಗಳನ್ನು ಬೇರೆ ಬೇರೆ ಗಂಟು ಕಟ್ಟಿಕೊಂಡು ಹೋದಳು. ಕೆಲಸ ಹನ್ನೊಂದೂವರೆಗೇ ಮುಗಿದದ್ದು ನನಗೆ ಸಂತೋಷವಾಗಿತ್ತು.

ಈ ವರ್ಷ ನನ್ನ ಎಡಗಣ್ಣಿನ ಪೊರೆ ತೆಗೆದರು. ಪಟ್ಟಿ ಬಿಚ್ಚಿದ ಮೂರನೆಯ ದಿನ, ವೈದ್ಯರು ಬೇಡವೆಂದಿದ್ದನ್ನೆಲ್ಲ ಬಿಟ್ಟಿದ್ದರೂ, ಬೇಡವೆನ್ನಲು ಅವರಿಗೆ ಹೊಳೆಯದ ಒಂದನ್ನು ಮಾಡಿದೆ: ರೂಪಾಯಿಯ ಡಬ್ಬಿ ತೆರೆದೆ. ನನ್ನ ಜೇನುಬಣ್ಣದ ರೂಪಾಯಿಗಳೆಲ್ಲ ಬೆಳ್ಳಗಾಗಿದ್ದವು. ಯಾರೋ ಹುಣಸೆಹಣ್ಣು ಹಚ್ಚಿ ತಿಕ್ಕಿದ್ದಾರೆಂದು ಮೈ ಬಿಸಿಯಾಯಿತು. ಎಡಗಣ್ಣು ಮುಚ್ಚಿ ಬಲಗಣ್ಣಿನಿಂದ ನೋಡಿದೆ: ಜೇನು. ಬಲಗಣ್ಣು ಮುಚ್ಚಿದೆ: ಬೆಳ್ಳಿ. ಹೀಗೆ ಹತ್ತು ಸಲ ಮಾಡಿದೆ. ಜೇನು ಇದ್ದದ್ದು ರೂಪಾಯಿಯ ಮೇಲಲ್ಲ. ಪೊರೆ ಬಂದ ಕಣ್ಣು ಲೋಕವನ್ನೆಲ್ಲ ಹಳದಿ ಮಾಡುತ್ತದೆ, ಅದು ನಿಧಾನವಾಗಿ ಬರುವುದರಿಂದ ಗೊತ್ತೇ ಆಗುವುದಿಲ್ಲ ಎಂದು ವೈದ್ಯರು ನಗುತ್ತಾ ಹೇಳಿದರು. ನನಗೆ ನಗು ಬರಲಿಲ್ಲ. ಕೆಲಸದ ಕೊನೆಯ ದಿನಗಳಲ್ಲಿ ‘ಹಳದಿ ಛಾಯೆ’ ಎಂದು ಬ್ಲೀಚಿಂಗಿಗೆ ವಾಪಸ್ಸು ಕಳಿಸಿದ ಬಿಳಿ ಟವೆಲ್ಲುಗಳು ನೆನಪಾದವು.

ಅವುಗಳ ಹಿಂದೆಯೇ ಮಹಾದೇವಿಯ ದನಿ ನೆನಪಾಯಿತು. "ಇದು ನೋಡ್ರಿ, ಹಳದಿ ಐತಿ."

ಬೀರೋಬಾನ ಪ್ರಸಾದವೇ ಭಂಡಾರ, ಎಂದರೆ ಅರಿಸಿನದ ಪುಡಿ. ದೇವರ ರೂಪಾಯಿ ಇರುವುದು ಆ ಪುಡಿ ತುಂಬಿದ ಚೀಲದಲ್ಲಿ. ಅದು ತೊಳೆಸಿಕೊಳ್ಳುವುದಿಲ್ಲ, ಉಜ್ಜಿಸಿಕೊಳ್ಳುವುದಿಲ್ಲ, ಮೆತ್ತಗೆ ಮಲಗಿರುತ್ತದೆ. ಅದರ ಮೀಸೆ ಯಾಕೆ ಸವೆಯಬೇಕು? ಅದಕ್ಕೆ ಅರಿಸಿನದ ಬಣ್ಣ ಹಿಡಿಯದೆ ಇನ್ನಾವುದಕ್ಕೆ ಹಿಡಿಯಬೇಕು? "ಇದನ್ನು ಎಲ್ಲಿ ಇಡುತ್ತಿದ್ದಿರಿ?" ಎಂಬ ಒಂದು ಪ್ರಶ್ನೆ ಕೇಳಿದ್ದರೆ ಸಾಕಾಗಿತ್ತು. ಕೇಳುವುದು ನನ್ನ ನಿಯಮದಲ್ಲಿರಲಿಲ್ಲ. ನನ್ನ ಸಹಿಯಿಂದ ಆ ಮನೆಯ ದೇವರು ಬದಲಾಗಿತ್ತು. ಮುಂದೆಂದಾದರೂ ಹಬ್ಬದಲ್ಲಿ ಚೀಲ ಬಿಚ್ಚಿದಾಗ ಅತ್ತೆ ಗುರುತು ಹಿಡಿದರೆ ಕಳ್ಳಿಯಾಗುವವಳು ಮಹಾದೇವಿ.

ಬಲಗಣ್ಣೂ ಆಗಿ, ಪ್ರಯಾಣಕ್ಕೆ ಅಪ್ಪಣೆ ಸಿಕ್ಕ ದಿನವೇ ಮಂದ್ರೂಪದ ಬಸ್ಸು ಹತ್ತಿದೆ. ಚೀಲದಲ್ಲಿ ಮಸೂರ, ತಿದ್ದಿ ಬರೆದ ಹೊಸ ಚೀಟಿ.

ಮಹಾದೇವಿಯ ಅತ್ತೆ ಪಡಸಾಲೆಯಲ್ಲಿ ಕೂತಿದ್ದರು. ನಾನು ಯಾರೆಂದು ಹೇಳಿ, ಎರಡೂ ಕಣ್ಣಿನ ಪೊರೆ ತೆಗೆಸಿಕೊಂಡು ಬಂದಿದ್ದೇನೆ ಎಂದೆ. "ಚೀಟಿ ಬಾಯಾರ ಬಂದಾರ!" ಎಂದು ಎದ್ದು ನಿಂತರು. ದೇವರ ಜಗಲಿಯ ಕಡೆ ನೋಡಿದೆ. ನನ್ನ ಚೀಟಿಗೆ ಕಟ್ಟು ಹಾಕಿಸಿ, ಗಾಜಿನ ಮೇಲೆ ಅರಿಸಿನ ಕುಂಕುಮ ಹಚ್ಚಿದ್ದರು. "ದಿನಾ ಊದಿನಕಡ್ಡಿ ಬೆಳಗ್ತೀನ್ರಿ."

"ಅವ್ವಾರ, ಆ ಚೀಟ್ಯಾಗ ಒಂದು ತಪ್ಪ..." ಎಂದು ಶುರು ಮಾಡಿದೆ.

"ಬಿಸಲಾಗ ಬಂದೀರಿ, ಮೊದಲ ನೀರು ಕುಡೀರಿ!" ಮಹಾದೇವಿ ಒಳಗಿನಿಂದ ಓಡಿಬಂದು ಒಂದು ಕೈಗೆ ತಂಬಿಗೆ, ಇನ್ನೊಂದು ಕೈಗೆ ಬೆಲ್ಲದ ತಾಟು ಹಿಡಿಸಿದಳು. ಆಮೇಲೆ ಕುರಿಮರಿ ತೋರಿಸುವ ನೆಪದಲ್ಲಿ ನನ್ನನ್ನು ಹಿತ್ತಲಿಗೆ ಎಳೆದುಕೊಂಡು ಹೋದಳು.

"ಏನ್ ಹೇಳಾಕ ಹೊಂಟಿದ್ರಿ, ಮಾರಾಯ್ತಿ? ಹಳದಿದನ್ನೇ ನಾ ದೇವರ ಚೀಲದಾಗ ಹಾಕೀನಿ. ‘ಬಾಯಾರು ಇದೇ ಅಂದಾರ’ ಅಂತ ಹೇಳೀನಿ."

"ಚೀಟ್ಯಾಗ ಬ್ಯಾರೇನೇ ಐತೆಲ್ಲ?"

"ಕನ್ನಡ ಓದವರ್ಯಾರು? ಹುಡುಗರೆಲ್ಲಾ ಮರಾಠಿ ಸಾಲಿ. ಅತ್ತಿಗೆ ಯಾವ ಅಕ್ಷರಾನೂ ಬರಂಗಿಲ್ಲ. ನಿಮ್ಮ ಸಹಿ ದೊಡ್ಡದು ಐತಿ, ಸಾಕು." ಸೊಂಟದ ಸಂಚಿಯಿಂದ ಅಡಿಕೆಯ ಜೊತೆ ಸವೆದ ರೂಪಾಯಿಯನ್ನು ತೆಗೆದು ತೋರಿಸಿದಳು. "ನಮ್ಮವ್ವ ಉಡಿಯಾಗ ಹಾಕಿದ್ದು. ಮೂವತ್ತು ವರ್ಷ ಅಡಕೊತ್ತಿನ ಸಂಗಾಟ ತಿಕ್ಯಾಡೈತಿ. ನಂದು ನನಗ ಗೊತ್ತಿರಂಗಿಲ್ಲೇನ್ರಿ?"

"ಅವತ್ತ ಯಾಕ ಹೇಳಲಿಲ್ಲ?"

"ಹೇಳಾಕ ಬಿಟ್ಟಿದ್ರೇನು?"

ಪಡಸಾಲೆಗೆ ಮರಳಿದಾಗ ಮುದುಕಿ ದೇವರ ಚೀಲ ಬಿಚ್ಚಿಕೊಂಡು ಕಾಯುತ್ತಿದ್ದರು. "ಹೊಸಾ ಕಣ್ಣ ಮಾಡಿಸ್ಕೊಂಡು ಬಂದೀರಂತ. ಇನ್ನೊಮ್ಮೆ ನೋಡಿ ಹೇಳ್ರಿ, ನಮ್ಮದು ಇದೇ ಹೌದಲ್ರಿ?"

ಮಹಾದೇವಿ ಬಾಗಿಲಿಗೆ ಒರಗಿ ನಿಂತಳು. ನಾನು ರೂಪಾಯಿಯನ್ನು ಅಂಚಿನಲ್ಲಿ ಹಿಡಿದು ಬಾಗಿಲ ಬೆಳಕಿಗೆ ಒಯ್ದೆ. ಅಕ್ಷರಗಳ ಸಂದಿಯಲ್ಲಿ ಅರಿಸಿನ. ರಾಜನ ಸುತ್ತಲ ಬಯಲಿನ ತುಂಬ ಹೊಸ ಜೋಳದ ತೆನೆಗೆ ಬಿಸಿಲು ಬಿದ್ದಂಥ ಬಣ್ಣ. ನನ್ನ ಡಬ್ಬಿಯಲ್ಲಿ ಅಂಥದು ಒಂದೂ ಇಲ್ಲ.

"ಇದೇ ರಿ. ನಿಮ್ಮ ಸೊಸಿ ಸರಿಯಾಗೇ ಇಟ್ಟಾಳ. ಹಳದಿ ಐತಿ ನೋಡ್ರಿ."

"ಅವಾಗೂ ಹಳದೀನೇ ಇತ್ರಿ," ಎಂದಳು ಮಹಾದೇವಿ, ಯಾರ ಮುಖವನ್ನೂ ನೋಡದೆ.

ಹೊಸ ಚೀಟಿಯನ್ನು ನನ್ನ ಚೀಲದಿಂದ ಹೊರಗೆ ತೆಗೆಯಲೇ ಇಲ್ಲ. ನನ್ನ ಜೀವಮಾನದ ಅತಿ ದೊಡ್ಡ ತಪ್ಪು ಆ ಜಗಲಿಯ ಮೇಲೆ, ಸಹಿ ತಾರೀಖಿನ ಸಮೇತ, ಪೂಜೆ ಮಾಡಿಸಿಕೊಳ್ಳುತ್ತಾ ಕೂತಿದೆ. ದರ್ಜೆ ಹೇಳುವುದಾದರೆ: ಬರಹ ಉತ್ತಮ, ವಿಷಯ ಚಿಂದಿ, ಚಂದ ಅಪಾರ.

ಭಾನುವಾರ ಹತ್ತರಿಂದ ಹನ್ನೆರಡು, ಆ ವೇಳೆ ಬದಲಾಗಿಲ್ಲ. ನಿಯಮ ಮಾತ್ರ ತಿದ್ದಿದೆ. ಈಗ ನಾಣ್ಯ ನೋಡುವಾಗ ಒಡೆಯರು ಮಾತಾಡಬೇಕು. ಅವರು ಮುಗಿಸುವವರೆಗೆ ಚುರುಮುರಿಯ ತಾಟು ನನ್ನ ಮುಂದೆ ಇರುತ್ತದೆ, ನನ್ನ ಬಾಯಿ ತುಂಬಿರಲಿ ಎಂದು.