ಊಟದ ನಂತರದ ಮೂಟೆ

ವೈ.ಎನ್. ಹೊಸಕೋಟೆಯ ಕಡೆ ಒಂದು ಕಡಲೆಕಾಯಿ ಮಿಲ್ಲಿನಲ್ಲಿ ನಾನು ಸೂಪರ್‌ವೈಸರ್ ಆಗಿದ್ದೆ. ನಾನು ಹೋದ ಮೊದಲ ವಾರದಲ್ಲೇ ಟೀ ಸಮಯವನ್ನು ಮೂರು ಸರದಿ ಮಾಡಿದೆ. ಸುಲಿಯುವ ಮುನ್ನ ಸಿಪ್ಪೆ ಮೆತ್ತಗಾಗಲೆಂದು ಅಂಗಳದಲ್ಲಿ ಕಾಯಿಗೆ ನೀರು ಚಿಮುಕಿಸುವವನಿಗೆ ಹತ್ತಕ್ಕೆ, ಸುಲಿಯುವ ಯಂತ್ರದವನಿಗೆ ಹತ್ತೂಕಾಲಿಗೆ, ಒಳಗೆ ಬೀಜ ಆರಿಸುವ ಒಂಬತ್ತು ಹೆಂಗಸರಿಗೆ ಹತ್ತೂವರೆಗೆ. ಯಂತ್ರದವನು ಟೀ ಕುಡಿಯುವಾಗ ನಾನೇ ಯಂತ್ರದ ಪಕ್ಕ ನಿಲ್ಲುತ್ತಿದ್ದೆ. ಹೀಗೆ ಮಾಡಿದರೆ ಕೆಲಸ ನಿಲ್ಲುವುದಿಲ್ಲ, ಹರಟೆಯೂ ಬೆಳೆಯುವುದಿಲ್ಲ ಎಂಬುದು ನನ್ನ ಲೆಕ್ಕ.

ಆ ವರ್ಷ ನಾವು ಬಿತ್ತನೆಗೆ ಬೀಜ ಸುಲಿದು ಕೊಡಲು ಒಪ್ಪಿದ್ದೆವು. ಬಿತ್ತನೆಗೆ ಇಡೀ ಬೀಜ ಬೇಕು. ಎರಡು ಹೋಳಾಗಿ ಬೇಳೆಯಾದದ್ದು ಮೊಳೆಯುವುದಿಲ್ಲ. ನಮ್ಮಲ್ಲಿ ಬೇಳೆಯೇ ಹೆಚ್ಚು ಬರತೊಡಗಿತು. ಒಂದು ದಿನ ಮಾಲೀಕರು ಜರಡಿಯಲ್ಲಿ ಕೈಯಾಡಿಸಿ, "ಈ ವಾರ ಸರಿಹೋಗದಿದ್ರೆ ಬಿತ್ತನೆ ಕೆಲಸ ಬಿಟ್ಬಿಡೋಣ. ಆಗ ಆರಿಸೋರೂ ಬೇಕಾಗಲ್ಲ" ಎಂದರು. ಒಂಬತ್ತು ಮಂದಿಯ ಕೆಲಸ. ನಾನು ಯಂತ್ರವನ್ನು ಎರಡು ಸಲ ಬಿಚ್ಚಿಸಿ ನೋಡಿದೆ. ಏನೂ ಸಿಗಲಿಲ್ಲ.

ಮರುದಿನ ಹತ್ತು ಗಂಟೆಗೆ ಸರಿಯಾಗಿ ಯಂತ್ರದ ಬೆಲ್ಟು ಕಿತ್ತುಹೋಯಿತು. ಯಾರಿಗೂ ಕೆಲಸವಿಲ್ಲದ್ದರಿಂದ ಎಲ್ಲರೂ ಬೇವಿನ ಮರದಡಿ ಒಟ್ಟಿಗೆ ಟೀ ಕುಡಿದರು. ಆರಿಸುವವರಲ್ಲಿ ಹಿರಿಯಾಕೆ ನೀರಿನವನನ್ನು ಕೆಣಕಿದಳು.

"ಏನಣ್ಣೋ, ನೀನು ಕಾಯಿಗೆ ನೀರು ಹಾಕ್ತೀಯೋ, ಪೂಜಾರಪ್ಪನಂಗೆ ತೀರ್ಥ ಎರಚ್ತೀಯೋ?"

"ಸಾರ್ ಹೇಳ್ದಂಗೆ ಹಾಕ್ತೀನಿ ಕಣಕ್ಕ. ಹಾಕಿ ಅರ್ಧ ಗಂಟೆಗೆ ಯಂತ್ರಕ್ಕೆ ಸುರೀಬೇಕು."

"ಅಂಗಾದ್ರೆ ಊಟ ಆದ್ಮೇಲೆ ಬರೋ ಮೊದಲ್ನೇ ಮೂಟೆಗೆ ಏನ್ ಮಂತ್ರ ಹಾಕ್ತೀಯ? ಅದ್ರಾಗೆ ಬೇಳೆನೇ ಇರಲ್ಲ."

ಅವನು ಲೋಟ ಕೆಳಗಿಟ್ಟ. "ಮಂತ್ರ ಎಲ್ಲಿಂದ ಬರಬೇಕು? ಊಟಕ್ಕೆ ಹೋಗೋಕೆ ಮುಂಚೆ ಅದಕ್ಕೆ ನೀರು ಹಾಕಿ, ಒದ್ದೆ ಗೋಣಿತಾಟು ಮುಚ್ಚಿ ಹೋಗ್ಬುಡ್ತೀನಿ. ಬರೋ ಹೊತ್ಗೆ ಎರಡು ತಾಸಾಗಿರ್ತದೆ."

ಊಟಕ್ಕೆ ನಾನು ಕೊಟ್ಟದ್ದು ಒಂದು ತಾಸು. ಆ ವಿಷಯ ಆಮೇಲೆ ನೋಡೋಣವೆಂದುಕೊಂಡೆ. ನನ್ನ ಕುತೂಹಲ ಬೇರೆಯದಾಗಿತ್ತು. ಆಕೆಗೆ ಯಾವ ಮೂಟೆ ಒಳ್ಳೆಯದೆಂದು ತಿಂಗಳಿಂದ ಗೊತ್ತು. ಅವನಿಗೆ ಆ ಮೂಟೆಗೆ ತಾನು ಏನು ಮಾಡಿದೆನೆಂದು ಗೊತ್ತು. ಇಬ್ಬರ ನಡುವೆ ಇದ್ದದ್ದು ಮೂವತ್ತು ಹೆಜ್ಜೆ ಮತ್ತು ನಾನು ಮಾಡಿದ ಟೀ ಸರದಿ.

"ಇನ್ನೂ ಜಾಸ್ತಿ ಹೊತ್ತು ಮುಚ್ಚಿಟ್ಟರೆ?" ಎಂದು ಕೇಳಿದೆ.

"ಬೂಷ್ಟು ಹಿಡಿಯಲ್ವಾ ಸಾರ್?" ಎಂದ ನೀರಿನವನು.

"ಸುಲಿದ್ಮೇಲೆ ನೆಳ್ಳಾಗೆ ಹರಡಿದ್ರೆ ಹೆಂಗೆ ಹಿಡೀತದೆ? ನಮ್ಮನೇಲಿ ಹುರುಳಿ ಒಣಗ್ಸಲ್ವಾ?" ಎಂದಳು ಆಕೆ.

ಅಷ್ಟು ಹೊತ್ತು ಅಲ್ಲೇ ಕೂತು ಬೆಲ್ಟು ಹೊಲಿಯುತ್ತಿದ್ದ ಯಂತ್ರದವನು ತಲೆಯೆತ್ತಿ, ನೆಂದ ಕಾಯಿ ಉಬ್ಬಿರುತ್ತದೆ, ಯಂತ್ರದ ಜಾಲರಿಯ ತಿರುಪನ್ನು ಒಂದು ಸುತ್ತು ಸಡಿಲಿಸಿ ಸಂದು ದೊಡ್ಡದು ಮಾಡಬೇಕಾಗುತ್ತದೆ ಎಂದ. ಇದನ್ನು ನಾನು ಕೇಳಿರಲಿಲ್ಲ, ಅವನೂ ಹೇಳಿರಲಿಲ್ಲ.

ಅಂದೇ ನಾಲ್ಕು ಮೂಟೆಗೆ ಸೀಮೆಸುಣ್ಣದಲ್ಲಿ ಎಷ್ಟು ತಾಸು ನೆನೆಯಬೇಕೆಂದು ಬರೆದೆವು: ಅರ್ಧ, ಎರಡು, ಮೂರು, ನಾಲ್ಕು. ಸಂಜೆ ಹೆಂಗಸರು ಒಂದೊಂದು ಮೂಟೆಯ ಬೀಜವನ್ನೂ ಬೇರೆ ಬೇರೆ ಮೊರದಲ್ಲಿ ಆರಿಸಿದರು. ಮೂರು ತಾಸಿನ ಮೊರದಲ್ಲಿ ಬೇಳೆಯನ್ನು ಹುಡುಕಬೇಕಾಯಿತು. ನಾಲ್ಕರದ್ದು ಸಿಪ್ಪೆಯೇ ಸರಿಯಾಗಿ ಬಿಡದೆ ಅರ್ಧ ಹಾಗೇ ಬಂದಿತ್ತು. ನೀರಿನವನು ಎರಡು ತಾಸೇ ಸಾಕೆಂದು ವಾದ ಹೂಡಿದ. ಹೆಂಗಸರು ಅವನ ಮುಂದೆ ಮೊರ ಹಿಡಿದು ಬಾಯಿ ಮುಚ್ಚಿಸಿದರು. ಅಷ್ಟು ಗಲಾಟೆಯನ್ನು ನಾನು ಆ ಛಾವಣಿಯ ಕೆಳಗೆ ಎಂದೂ ಬಿಟ್ಟವನಲ್ಲ.

ಮರುದಿನದಿಂದ ಎಲ್ಲ ಮೂಟೆಗೂ ಮೂರು ತಾಸೇ ಆಯಿತು. ವಾರದ ಕೊನೆಗೆ ಬೀಜ ಕೊಳ್ಳುವವರು ಬಂದರು. ಮೂರು ಮೂಟೆ ಬಿಚ್ಚಿಸಿ, ಬೊಗಸೆಯಲ್ಲಿ ತೆಗೆದು ನೋಡಿ, ಲಾರಿಗೆ ತುಂಬಿಸಲು ಹೇಳಿದರು. ಮಾಲೀಕರು ಬಿತ್ತನೆ ಕೆಲಸ ಮುಂದುವರಿಸಲು ಹೇಳಿದರು. ನಾನು ಹೆಂಗಸರಿಗೆ ಸುದ್ದಿ ತಿಳಿಸಲು ಒಳಗೆ ಹೋಗಿ ಬಾಗಿಲಲ್ಲಿ ನಿಂತು ಗಂಟಲು ಸರಿಮಾಡಿಕೊಂಡೆ.

"ಗೊತ್ತಾಯ್ತು ಸಾರ್, ಆಗ್ಲೇ ಲಾರಿಗೆ ತುಂಬ್ತಾವ್ರೆ" ಎಂದಳು ಹಿರಿಯಾಕೆ, ಮೊರದಿಂದ ಕಣ್ಣೆತ್ತದೆ. "ವಸಿ ಬಾಗ್ಲು ಬುಟ್ಟು ನಿಂತ್ಕಳಿ. ಬೆಳಕು ಬರ್ತಿಲ್ಲ."