ಉಪಗ್ರಹ ಕಳಿಸಿದ ಶಿಳ್ಳೆ

ಅರುವತ್ತರ ದಶಕದ ಕೊನೆಯಲ್ಲಿ ನನಗೆ ಸಂಬಳ ಸಿಗುತ್ತಿದ್ದುದು ಕಿವಿಗೊಟ್ಟು ಕೂತಿದ್ದಕ್ಕೆ. ದೂರದ ಊರಿನ ಪ್ರಯೋಗಾಲಯವೊಂದರಲ್ಲಿ ಉಪಗ್ರಹಗಳು ಕಳಿಸಿದ ಸಂಕೇತಗಳ ಟೇಪು ಹಾಕಿ, ಹೆಡ್‌ಫೋನ್ ಏರಿಸಿ, ಶಿಳ್ಳೆ ಕೇಳಿದಲ್ಲಿ ಗುರುತು ಹಾಕುವ ಕೆಲಸ. ಎಲ್ಲೋ ಮಿಂಚಿದರೆ ಅದರಿಂದ ಹುಟ್ಟಿದ ರೇಡಿಯೋ ಅಲೆ ಭೂಮಿಯ ಕಾಂತಕ್ಷೇತ್ರದ ಗುಂಟ ಮೇಲೇರುತ್ತದೆ. ಅಲ್ಲಿ ಸುತ್ತುವ ಉಪಗ್ರಹಕ್ಕೆ ಅದರ ಸಣ್ಣ ಸ್ವರ ಮೊದಲು, ದಪ್ಪ ಸ್ವರ ಆಮೇಲೆ ತಲುಪಿ, ಟೇಪಿನಲ್ಲಿ ಕೆಳಕ್ಕೆ ಜಾರುವ ಶಿಳ್ಳೆಯಾಗುತ್ತದೆ. ತಲ್ಲೂರಿನ ನಮ್ಮ ಮನೆಯಲ್ಲಿ ಇದನ್ನು ವಿವರಿಸಿದಾಗ, "ಶಿಳ್ಳಿ ಕೇಂಬುಕೆ ಬಿಎಸ್ಸಿ ಓದ್ಕಾ?" ಎಂದು ದೊಡ್ಡಪ್ಪ ಕಾಲೆಳೆದರು. ನನಗೋ ಆ ಕೆಲಸವೆಂದರೆ ಪ್ರಾಣ.

ಕ್ಷಯ ಅಂಟಿದಾಗ ಊರಿಗೆ ಬಂದೆ. ಕುಂದಾಪುರದಲ್ಲಿ ಇಂಜೆಕ್ಷನ್. ಸೊಂಟ ನೋವೆಂದೂ ಕಿವಿ ಗುಂಯ್‌ಗುಡುತ್ತದೆಂದೂ ನಾನು ಗೊಣಗಿದರೂ ಅಮ್ಮ ಬಿಡದೆ ಬಸ್ಸು ಹತ್ತಿಸುತ್ತಿದ್ದಳು. ಯಾರಾದರೂ ಕೇಳಿದರೆ, "ಬಟ್ಟಿ ತಕಂಬುಕೆ ಹೋಪ್ದ್" ಎನ್ನುವಳು. ಕ್ಷಯವೆಂದು ಗೊತ್ತಾದರೆ ಮಗಳ ಮದುವೆಯ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಅಷ್ಟೊಂದು ಬಟ್ಟೆಯನ್ನು ನಮ್ಮ ಮನೆಯಲ್ಲಿ ಯಾರೂ ಕಾಣಲಿಲ್ಲ.

ಗುಣವಾಗಿ ಮರಳಿ ಹೋದೆ. ಟೇಪಿನಲ್ಲಿ ಶಿಳ್ಳೆಗಳ ಮೇಲಿನ ತುದಿಯೇ ಇಲ್ಲ. ತೆಳ್ಳಗಿನವಂತೂ ಪೂರ್ತಿ ಮಾಯ. ಯಂತ್ರ ಕೆಟ್ಟಿದೆಯೆಂದು ಎಲ್ಲರೊಡನೆ ಜಗಳ ತೆಗೆದೆ. ಪಕ್ಕದ ಮೇಜಿನವಳು ನನ್ನ ಹೆಡ್‌ಫೋನ್ ಹಾಕಿಕೊಂಡು, ನಾನು ಖಾಲಿ ಬಿಟ್ಟಲ್ಲೆಲ್ಲ ಗುರುತು ಹಾಕಿದಳು. ಕ್ಷಯದ ಆ ಇಂಜೆಕ್ಷನ್ ಮದ್ದು ಕೆಲವರ ಕಿವಿಯನ್ನು ತಿನ್ನುತ್ತದೆ, ಹೋದದ್ದು ಮರಳುವುದಿಲ್ಲ ಎಂದರು ವೈದ್ಯರು. ಕೆಲಸ ಹೋಯಿತು.

ರಜೆಯೆಂದು ಸುಳ್ಳು ಹೇಳಿ ಮನೆಗೆ ಬಂದೆ. ಮದ್ದು ಕಿವಿ ತಿಂದ ವಿಷಯ ಅಮ್ಮನಿಗೆ ಮಾತ್ರ ತಿಳಿಯಬಾರದಿತ್ತು. ಒಂದು ಸಂಜೆ ಬಾವಿಯಲ್ಲಿ ನೀರು ಸೇದುತ್ತಿದ್ದಾಗ ಅವಳು, "ಈ ಜೀರುಂಡೆ ಕಾಟ ತಡ್ಕಂಬುಕಾತಿಲ್ಲೆ" ಎಂದಳು.

"ಹೌದಮ್ಮ, ಕಿವಿ ಹೊಟ್ಟಿ ಹೋತ್" ಎಂದೆ. ನನಗೆ ರಾಟೆಯ ಸದ್ದು ಬಿಟ್ಟು ಏನೂ ಕೇಳುತ್ತಿರಲಿಲ್ಲ.

ಎರಡು ಕೊಡ ತುಂಬಿದ ಮೇಲೆ ಅವಳು ಕೇಳಿದಳು, "ಈಗ್ಳೂ ಕೇಂತಾ?"

"ಕೇಂತ್."

"ಅದ್ ಆಗ್ಳೇ ನಿಂತಿತ್ ಹೆಣೆ."

ಅವಳು ಹಗ್ಗ ಬಿಟ್ಟು ನನ್ನ ಮುಖವನ್ನೇ ನೋಡಿದಳು. "ಕಿವಿ ಗುಂಯ್ ಅಂತ್ ಅಂದಿದ್ದೆ ನೀನ್. ನಾನೇ ಎಳ್ಕಂಡ್ ಹೋದ್ದ್."

ನೀನು ಎಳೆದುಕೊಂಡು ಹೋಗದಿದ್ದರೆ ನಾನು ಬದುಕಿಯೇ ಇರುತ್ತಿರಲಿಲ್ಲ ಎಂದು ಆ ಕ್ಷಣದಲ್ಲೇ ಹೇಳಬೇಕಿತ್ತು. ಟೇಪುಗಳ ನೆನಪಾಗಿ, ಅವಳು ಬಿಟ್ಟ ಹಗ್ಗ ಹಿಡಿದು ನೀರು ಸೇದತೊಡಗಿದೆ. ಅಮ್ಮ ಅದನ್ನೇ ಹೌದೆಂಬ ಉತ್ತರವೆಂದು ತಿಳಿದಳು. ಕೊಡ ಎತ್ತಿಕೊಂಡು ಒಳಗೆ ಹೋದಳು.